ನೆಲ ಮುಟ್ಟಿದ ಸೂಜಿ

ಕಾರ್ತಿಕ ಮಾಸದ ಪ್ರವಚನಗಳು ಮುಗಿದ ಮರುದಿನ ಬೆಳಿಗ್ಗೆ ಗುರುಗಳು ಮಠದ ಜಗಲಿಯಲ್ಲಿ ಹೊಸ ಶೇಂಗಾ ಸುಲಿಯುತ್ತ ಕುಳಿತಿದ್ದರು. ಶಿಷ್ಯ ಗುರುಶಾಂತನ ಮಾತು ಕೇಳಲು ಆ ತಿಂಗಳು ಊರೂರುಗಳಿಂದ ಜನ ಬಂದಿದ್ದರು. ಇನ್ನೊಂದು ವರ್ಷ ವೇದಿಕೆ ಹತ್ತಕೂಡದೆಂದು ಗುರುಗಳು ಹಿಂದಿನ ಸಂಜೆ ಅವನಿಗೆ ಅಪ್ಪಣೆ ಮಾಡಿದ್ದರು.

ಗುರುಶಾಂತನು ಕೇಳಿದನು: "ಬುದ್ಧಿ, ನನ್ನ ಮಾತಿನಲ್ಲಿ ದೋಷವಿದ್ದರೆ ತಿದ್ದಿರಿ. ಇಲ್ಲವಾದರೆ ಬೆಳೆಯುತ್ತಿರುವವನನ್ನು ತಡೆಯುವುದೇಕೆ? ವರ್ಷ ಕಳೆದರೆ ಜನ ನನ್ನನ್ನು ಮರೆತೇಬಿಡುತ್ತಾರೆ."

ಗುರುಗಳು ಹೇಳಿದರು:

ಒಬ್ಬ ರೈತನಿದ್ದನು. ಅವನ ಹೊಲದ ಶೇಂಗಾ ಗಿಡಗಳು ಮೊಣಕಾಲು ಮುಚ್ಚುವಷ್ಟು ಬೆಳೆಯುತ್ತಿದ್ದವು. ದಾರಿಹೋಕರು ನಿಂತು ನೋಡಿ ಹೊಗಳುತ್ತಿದ್ದರು. ಕಿತ್ತರೆ ಬುಡದಲ್ಲಿ ನಾಲ್ಕೇ ಕಾಯಿ. ಮೂರು ವರ್ಷ ಹೀಗೆಯೇ ಆಯಿತು. ನಾಲ್ಕನೆಯ ವರ್ಷ ಮನೆಯಲ್ಲಿ ಉಳಿದಿದ್ದ ಕೊನೆಯ ಬೀಜವನ್ನೂ ಬಿತ್ತಿದನು. ಅದು ಅವನ ಅಜ್ಜನು ಕಾಪಾಡಿಕೊಂಡು ಬಂದ ತಳಿ. ಈ ಬಾರಿಯೂ ಕೈಕೊಟ್ಟರೆ ಅದು ಅಳಿಯುತ್ತಿತ್ತು.

ಅವನು ಸಸ್ಯಶಾಸ್ತ್ರ ಬಲ್ಲ ಒಬ್ಬ ಹೆಂಗಸಿನ ಬಳಿಗೆ ಹೋಗಿ, ಬೆಳೆಗೊಂದು ಔಷಧ ಬೇಡಿದನು. ಅವಳು ಒಂದು ಚಿಕ್ಕ ಶೀಸೆಯನ್ನು ಕೊಟ್ಟಳು. "ಹೂ ಬಿಟ್ಟ ಮೇಲೆ, ಒಂದು ಕೊಡ ನೀರಿಗೆ ಒಂದೇ ಮುಚ್ಚಳ ಬೆರೆಸಿ ಸಿಂಪಡಿಸು. ಗಿಡ ಎತ್ತರ ಹೋಗುವುದು ನಿಲ್ಲುತ್ತದೆ."

"ಏನವ್ವಾ, ಹಸಿದು ಬಂದವನ ಬಾಯಿ ಹೊಲಿಯುತ್ತೀಯಾ?"

"ಬಯ್ಯುವುದಾದರೆ ಗಿಡ ಕಿತ್ತ ದಿನ ಬಯ್ಯು, ಯಜಮಾನ. ನಾನೇ ಬರುತ್ತೇನೆ."

ರೈತನು ಸಿಂಪಡಿಸಿದನು. ಆದರೆ ದಾರಿಯ ಅಂಚಿನ ಎರಡು ಸಾಲುಗಳನ್ನು, ನೋಡುವವರ ಕಣ್ಣಿಗೆ ಇರಲೆಂದು, ಬಿಟ್ಟನು. ಕೆಲವೇ ದಿನಗಳಲ್ಲಿ ಉಳಿದ ಹೊಲವೆಲ್ಲ ಕುಳ್ಳಗೆ, ಕಪ್ಪು ಹಸಿರಾಗಿ ನಿಂತಿತು. "ಹೊಲಕ್ಕೆ ಕ್ಷೌರ ಮಾಡಿಸಿದೆಯೇನಯ್ಯಾ?" ಎಂದು ನೆರೆಯವನು ನಕ್ಕನು. ರೈತನು ತಲೆ ಎತ್ತಲಿಲ್ಲ.

ಕೀಳುವ ದಿನ ಆ ಹೆಂಗಸು ಬಂದಳು. ರೈತನು ಮೊದಲು ದಾರಿಯಂಚಿನ ಗಿಡವನ್ನು ಕಿತ್ತನು. ನಾಲ್ಕೇ ಕಾಯಿ. ಅದರ ಕಾಂಡದ ಉದ್ದಕ್ಕೂ ಸೂಜಿಯಂಥ ಕಡ್ಡಿಗಳು ಗಾಳಿಯಲ್ಲಿ ನೇತಾಡಿ ಒಣಗಿದ್ದವು. ಅನಂತರ ಕುಳ್ಳ ಗಿಡಕ್ಕೆ ಕೈ ಹಾಕಿದನು. ಅದು ಬರಲಿಲ್ಲ. ಎರಡೂ ಕೈಯಿಂದ ಎಳೆದಾಗ ಮಣ್ಣಿನ ಹೆಂಟೆಯೇ ಮೇಲೆದ್ದಿತು. ಕೊಡವಿದರೆ ಬುಡದ ತುಂಬ ಕಾಯಿ. ರೈತನು ಅಲ್ಲೇ ಕುಳಿತು ಕಾಯಿಗಳನ್ನು ಎಣಿಸತೊಡಗಿದನು.

"ತಾಯಿ, ಆ ಒಂದು ಮುಚ್ಚಳದಲ್ಲಿ ಇಷ್ಟು ಕಾಯಿ ಇತ್ತೇ?"

"ಅದರಲ್ಲಿ ಕಾಯಿ ಇರಲಿಲ್ಲ, ಗೊಬ್ಬರವೂ ಇರಲಿಲ್ಲ. ಶೇಂಗಾ ಹೂ ಬಿಡುವುದು ಬೆಳಕಿನಲ್ಲಿ, ಕಾಯಿ ಕಟ್ಟುವುದು ಕತ್ತಲಲ್ಲಿ. ಹೂ ಬಾಡಿದ ಮೇಲೆ ಅದರಿಂದ ಒಂದು ಸೂಜಿ ಹೊರಟು, ಕಣ್ಣಿಲ್ಲದೆ ನೆಲವನ್ನು ಹುಡುಕುತ್ತ ಇಳಿಯುತ್ತದೆ. ಹೂ ಎತ್ತರದಲ್ಲಿದ್ದರೆ ನೆಲ ಸಿಕ್ಕುವುದಿಲ್ಲ. ನಾವು ದೂರವನ್ನಷ್ಟೇ ಕಡಿಮೆ ಮಾಡಿದೆವು. ಉಳಿದುದನ್ನು ಅದೇ ಬಲ್ಲದು."

ರೈತನು ಎದ್ದು ಬದುವಿಗೆ ಹೋದನು. ಕೆರ ಕಳಚಿಟ್ಟು, ತನ್ನ ಹೊಲಕ್ಕೆ ತಾನೇ ಕೈಮುಗಿದು, ಮತ್ತೆ ಒಳಗೆ ಕಾಲಿಟ್ಟನು.

ಗುರುಗಳು ಸುಲಿಯದ ಒಂದು ಕಾಯಿಯನ್ನು ಶಿಷ್ಯನ ಅಂಗೈಯಲ್ಲಿಟ್ಟು ಕೇಳಿದರು: "ಗುರುಶಾಂತ, ಈ ತಿಂಗಳು ನೀನಾಡಿದ ಮಾತುಗಳಲ್ಲಿ ನೆಲ ಮುಟ್ಟಿದ್ದು ಯಾವುದು?"

ಗುರುಶಾಂತನು ಆ ಕಾಯಿಯನ್ನು ಸುಲಿಯದೆ ಉತ್ತರೀಯದ ತುದಿಗೆ ಕಟ್ಟಿಕೊಂಡನು.

ಆ ವರ್ಷವೆಲ್ಲ ಅವನು ಮಠದ ಹೊಲದಲ್ಲಿ ದುಡಿದನು, ವೇದಿಕೆಯನ್ನು ಹತ್ತಲಿಲ್ಲ.