ಕೂರಲಾರದ ರಾಜಕುಮಾರಿಯ ಭರಣಿಗಳು

“ಕೇಳಿರಪ್ಪೋ ಕೇಳಿ! ರಾಜಕುಮಾರಿ ಚಾಗಲದೇವಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಅವರ ಶುಶ್ರೂಷೆಯ ಹೊಣೆ, ಜೊತೆಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಾವು ತಂದ ಮದ್ದನ್ನೆಲ್ಲ ತಾವೇ ಒಮ್ಮೆಲೇ ನುಂಗಬೇಕು. ಮದ್ದು ತರದೆ ಬಂದು ತಪ್ಪಿದವರಿಗೆ ಕತ್ತಿ!”

ಡಂಗುರದವನು ಹೀಗೆ ಕೂಗಿಕೊಂಡು ಹೋದ. ಪಾಪ, ಆ ಹುಡುಗಿಯ ಪಾಡು ಊರಿಗೆಲ್ಲ ಗೊತ್ತಿತ್ತು. ಚಳಿಗಾಲದಲ್ಲಿ ಎದೆ ಸೋತಿತ್ತು. ಮುದಿ ರಾಜವೈದ್ಯ ಈಶಾನಯ್ಯ ಕಷಾಯ ಕೊಟ್ಟು ಚೇತರಿಸುವಂತೆ ಮಾಡಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನೆಂಟರು ಬಿಡಬೇಕಲ್ಲ! ಸೋದರತ್ತೆ ಬಲ ಬರಲಿ ಅಂತ ಬೇರಿನ ಪುಡಿ ತಂದಳು, ಮಾವ ರಕ್ತಕ್ಕೆ ಅಂತ ಲೇಹ್ಯ ತಂದ, ಇನ್ಯಾರೋ ಮೈಕಾಂತಿಗೆ ಅಂತ ಒಣಗಿದ ಎಲೆ ಕಳಿಸಿದರು. ಗಿಡಮೂಲಿಕೆ ತಾನೆ, ಏನಾಗುತ್ತೆ ಅಂತ ಎಲ್ಲವನ್ನೂ ಒಂದೇ ದಿನ ಶುರುಮಾಡಿಸಿದರು.

ಅಲ್ಲಿಂದ ಹುಡುಗಿ ಕೂತಲ್ಲಿ ಕೂರಲಿಲ್ಲ. ಎದೆ ಡವಡವ, ಕೈನಡುಕ, ನಿದ್ದೆಯ ಸುಳಿವಿಲ್ಲ. ಸಭಾಂಗಣದ ಉದ್ದಕ್ಕೂ ಹೋಗುವುದು, ಬರುವುದು. ಅವಳ ಹಿಂದೆ ದಾಸಿಯರು, ದಾಸಿಯರ ಹಿಂದೆ ರಾಜ. ಅವಳು ಸೊರಗಿದಷ್ಟೂ ಹೊಸ ಭರಣಿಗಳು ಬಂದವು. ಇದನ್ನೆಲ್ಲ ಯಾಕೆ ತಗೋತೀರಿ ಅಂತ ಕೇಳುವ ಹಾಗೆ ಮಾತ್ರ ಇರಲಿಲ್ಲ. ರಾಜಮನೆತನದವರಿಗೆ ಎದುರು ನಿಂತು ಪ್ರಶ್ನೆ ಹಾಕಿದರೆ ತಲೆದಂಡ, ಅದು ಆ ಅರಮನೆಯ ಕಟ್ಟಳೆ. ಎಂಥ ಕಟ್ಟಳೆಯೋ, ಸುಡುಗಾಡು!

“ಇನ್ನು ಭರಣಿ ತರುವವನಿಗೆ ತಲೆಯಲ್ಲಿ ಏನಾದರೂ ಇದೆಯೋ ಅಂತ ಮೊದಲು ನೋಡುತ್ತೇನೆ” ಎಂದು ಚಾಗಲದೇವಿಯೇ ಹಟ ಹಿಡಿದು ಈ ಡಂಗುರ ಹೊಡೆಸಿದ್ದಳು.

ಮೊದಲು ಬಂದವನು ಸೋವರಸ ಎಂಬ ಪಂಡಿತ, ಕಂಕುಳಲ್ಲಿ ದೊಡ್ಡ ಲೇಹ್ಯದ ಭರಣಿ. ರಾಜಕುಮಾರಿ ನಡೆಯುತ್ತಲೇ ಕೇಳಿದಳು: “ಚಿಟಿಕೆಯಷ್ಟಿದ್ದರೆ ಕಾಯುತ್ತದೆ, ಹಿಡಿಯಷ್ಟಾದರೆ ಕೊಲ್ಲುತ್ತದೆ, ಇಲ್ಲದಿದ್ದರೂ ಎಷ್ಟೋ ಮನೆ ನಡೆಯುತ್ತದೆ. ಏನದು?”

“ಬೆಂಕಿ!”

“ಬೆಂಕಿಯಿಲ್ಲದೆ ನಿಮ್ಮನೆಯಲ್ಲಿ ಅನ್ನ ಬೇಯುತ್ತದೆಯೇ? ತೆರೆಯಿರಿ ಭರಣಿ.”

ಸೋವರಸ ದೊಪ್ಪನೆ ಕಾಲಿಗೆ ಬಿದ್ದ. “ಇಷ್ಟನ್ನೂ ಒಮ್ಮೆಲೇ ತಿಂದರೆ ಸತ್ತೇಹೋಗುತ್ತೇನೆ ತಾಯಿ!”

“ಎಷ್ಟು ತಿನ್ನಬೇಕು ಅಂತ ಒಂದು ಮಾತೂ ಹೇಳದೆ ನನ್ನ ಮುಂದೆ ಇಟ್ಟಿರಲ್ಲ!” ಎಂದಳು ಅವಳು. ನುಂಗಲೊಲ್ಲದ ಅವನನ್ನು ಭಟರು ಸೆರೆಮನೆಗೆ ಎಳೆದೊಯ್ದರು.

ಆಮೇಲೆ ಬಂದ ವ್ಯಾಪಾರಿ ಮಲ್ಲಿಸೆಟ್ಟಿ ಜಾಣ, ಮೊದಲನೆಯದಕ್ಕೆ “ಮದ್ದು” ಅಂದುಬಿಟ್ಟ. ಎರಡನೆಯದು ಬಂತು: “ಇಬ್ಬರು ಒಳ್ಳೆಯವರು. ಒಬ್ಬೊಬ್ಬರೇ ಬಂದರೆ ಮನೆಗೆ ಸುಖ, ಒಟ್ಟಿಗೆ ಬಂದರೆ ರಂಪ. ತಪ್ಪು ಯಾರದು ಅಂತ ಮನೆಯವರಿಗೂ ತಿಳಿಯುವುದಿಲ್ಲ. ಯಾರವರು?”

“ಸವತಿಯರು!” ಅಂದ ಸೆಟ್ಟಿ. ರಾಜನ ಪಕ್ಕದಲ್ಲಿದ್ದ ಇಬ್ಬರು ರಾಣಿಯರೂ ಅವನನ್ನು ದುರುಗುಟ್ಟಿ ನೋಡಿದರು. ತಾನು ತಂದ ಮದ್ದು ನುಂಗಲು ಒಪ್ಪದೆ ಅವನೂ ಸೆರೆಮನೆ ಸೇರಿದ.

ಅದೇ ಹೊತ್ತಿಗೆ ಜಕ್ಕ ಅರಮನೆಗೆ ಕಂಬಳಿ ಕೊಡಲು ಬಂದಿದ್ದ. ನೇಯುವ ಹುಡುಗ. ಅವನ ಹತ್ತಿರ ಕಂಬಳಿ ಕೊಳ್ಳುವುದೆಂದರೆ ದೊಡ್ಡ ತಲೆನೋವು: ಯಾರಿಗೆ ಹೊದಿಸ್ತೀರಿ, ಮಗುವಿಗೋ ಬಾಣಂತಿಗೋ, ಉಣ್ಣೆ ಮೈಗೆ ಕಡಿಯುತ್ತಾ, ಹಳೇ ಕಂಬಳಿ ಏನಾಯ್ತು? “ಬಾಯಿ ಮುಚ್ಕೊಂಡು ನೇಯೋ” ಅಂತ ತಾಯಿಯೇ ಬೈಯುತ್ತಿದ್ದಳು. ರಾಜಕುಮಾರಿ ಗೋಡೆ ಹಿಡಿದು ಏದುಸಿರು ಬಿಡುವುದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

“ನಾನು ಬಿಡಿಸ್ತೀನಿ ಬುದ್ಧಿ” ಅಂದ.

“ಮದ್ದು ತಂದಿದ್ದೀಯಾ?” ಎಂದ ರಾಜ.

“ಕಂಬಳಿ ತಂದಿದ್ದೀನಿ.”

ಕತ್ತಿ ಒರೆಯಿಂದ ಹೊರಗೆ ಬಂತು. ಮೊದಲನೆಯದಕ್ಕೆ ಅವನೂ ಮದ್ದೆಂದೇ ಹೇಳಿದ. ಎರಡನೆಯದಕ್ಕೆ ಸಾಲಾಗಿ ಇಟ್ಟಿದ್ದ ಭರಣಿಗಳ ಕಡೆ ನೋಡಿ, “ಒಟ್ಟಿಗೆ ತಗೊಂಡ ಎರಡು ಮದ್ದು. ಎರಡು ಹೊಸ ಬಣ್ಣ ಒಂದೇ ಸಲ ಅದ್ದಿ ಕಂಬಳಿ ಕೆಟ್ಟರೆ ಯಾವುದರಿಂದ ಕೆಡ್ತು ಅಂತ ನಮಗೂ ತಿಳಿಯಲ್ಲ” ಅಂದ.

ರಾಜಕುಮಾರಿಯ ನಡಿಗೆ ಇನ್ನೂ ಜೋರಾಯಿತು. “ಮದ್ದಿಗಿಂತ ಮುಂಚೆ ಕೊಡಬೇಕಾದದ್ದು ಒಂದಿದೆ. ಅರೆಯುವಂತಿಲ್ಲ, ಕುದಿಸುವಂತಿಲ್ಲ. ಕೊಡುವವನೂ ಬಾಯಿ ತೆರೆಯಬೇಕು, ಪಡೆಯುವವಳೂ ಬಾಯಿ ತೆರೆಯಬೇಕು. ನನಗೆ ಈವರೆಗೆ ಯಾರೂ ಕೊಟ್ಟಿಲ್ಲ. ಏನದು?”

ಜಕ್ಕನಿಗೆ ಹೊಳೆಯಲಿಲ್ಲ. ಕತ್ತಿಯವನು ಹತ್ತಿರ ಬಂದ. ಹೇಗೂ ಸಾಯುವುದು ತಾನೆ, ಅಷ್ಟರಲ್ಲಿ ಕೇಳಿಯೇಬಿಡೋಣ ಅನ್ನಿಸಿತು ಅವನಿಗೆ.

“ಅವ್ವಾ, ಏನೇನು ತಗೋತಿದ್ದೀರಿ? ಈ ಸಂಕಟ ಯಾವುದು ತಗೊಂಡ ಮೇಲೆ ಶುರುವಾಯ್ತು?”

“ಪ್ರಶ್ನೆ ಕೇಳಿದ! ಕಡಿಯಿರಿ!” ಎಂದು ಮಂತ್ರಿ ಅರಚಿದ.

“ನಿಲ್ಲಿ! ಅದೇ ಉತ್ತರ” ಎಂದಳು ಚಾಗಲದೇವಿ. ಅವಳ ಕಣ್ಣು ತುಂಬಿತ್ತು. ಎಷ್ಟೋ ದಿನಗಳ ಮೇಲೆ, ಅಲ್ಲೇ ಮೆಟ್ಟಿಲ ಮೇಲೆ, ಅವಳು ಕೂತಳು. ಒಂದೊಂದೇ ಹೇಳತೊಡಗಿದಳು.

ಈಶಾನಯ್ಯನನ್ನು ಕರೆಸಿದರು. ಭರಣಿಗಳನ್ನು ನೋಡಿ ಮುದುಕ ಹೌಹಾರಿದ. “ನನ್ನ ಕಷಾಯದ ಜೊತೆ ಇವೆಲ್ಲಾನಾ? ಈ ಬೇರು ಅದಕ್ಕೆ ಆಗಿಬರುವುದೇ ಇಲ್ಲ! ನನಗೆ ಯಾರೂ ಹೇಳಲಿಲ್ಲವಲ್ಲ!”

“ನೀವೂ ಕೇಳಲಿಲ್ಲವಲ್ಲ ಅಯ್ಯ” ಅಂದ ಜಕ್ಕ. ಮುದುಕ ತಲೆತಗ್ಗಿಸಿ, “ಹೌದಪ್ಪ, ನನಗೂ ತಲೆಯ ಮೇಲೆ ಆಸೆಯಿತ್ತು” ಅಂದ.

ಕಷಾಯ ಮಾತ್ರ ಉಳಿಯಿತು, ನೆಂಟರ ಭರಣಿಗಳು ಹೊರಗೆ ಹೋದವು. ಇನ್ನು ಮುಂದೆ ಹೊಸದೇನಾದರೂ ಬೇಕೆನಿಸಿದರೆ ಮೊದಲು ತನಗೆ ತಿಳಿಸಿ, ಒಂದೇ ಒಂದನ್ನು, ಸ್ವಲ್ಪದರಲ್ಲಿ ಶುರುಮಾಡಿ ಮೈ ಏನನ್ನುತ್ತದೆ ನೋಡಬೇಕೆಂದು ವೈದ್ಯ ಹೇಳಿದ. ದಿನ ಕಳೆದಂತೆ ಎದೆಬಡಿತ ಇಳಿಯಿತು, ಕೈನಡುಕ ನಿಂತಿತು.

ರಾಜ ಜಕ್ಕನನ್ನು ಕರೆಸಿ, “ಅರ್ಧ ರಾಜ್ಯ ತಗೋ, ಬೇಕಾದರೆ ಮಗಳನ್ನೂ ಕೊಡುತ್ತೇನೆ” ಅಂದ.

“ನನ್ನನ್ನೊಂದು ಮಾತು ಕೇಳಿದಿರಾ ಅಪ್ಪಾಜಿ?” ಎಂದಳು ಮಗಳು ಆಕಳಿಸುತ್ತಾ. “ಮದುವೆ ಗಿದುವೆ ಆಮೇಲೆ. ಮೊದಲು ನಿದ್ದೆ.”

ಜಕ್ಕ ಬೇಡಿದ್ದು ಎರಡೇ: ಸೆರೆಯಲ್ಲಿದ್ದವರ ಬಿಡುಗಡೆ, ಆ ಹಾಳು ಕಟ್ಟಳೆಗೆ ಬೆಂಕಿ. ಎರಡೂ ಆದವು. ಅರಮನೆಯ ಮದ್ದಿನ ಕೋಣೆಗೆ ಅವನೇ ಯಜಮಾನನಾದ. ಅವನ ಪ್ರಶ್ನೆಗಳ ಕಾಟ ದಾಟದೆ ಒಂದು ಎಲೆಯೂ ಒಳಗೆ ಹೋಗುತ್ತಿರಲಿಲ್ಲ.

ಬೇಡಿದ್ದು ಪಡೆದ ಆ ದಿನ ಮಾತ್ರ ಅವನು ಏನೂ ಕೇಳಲಿಲ್ಲ. ಅಷ್ಟರಲ್ಲಿ ರಾಜಕುಮಾರಿ ಅವನ ಕಂಬಳಿ ಹೊದ್ದು ಮಲಗಿಬಿಟ್ಟಿದ್ದಳು. ಬಾಗಿಲಲ್ಲಿ ರಾಜ ಬಾಯಿಯ ಮೇಲೆ ಬೆರಳಿಟ್ಟು ಕಾವಲು ಕೂತಿದ್ದ.