ಕಡಲನ್ನು ಬೈದ ಕ್ಯಾಮೆರಾ

ಸ್ಕೂಬಾ ಕಲಿತ ಹೊಸಬನೊಬ್ಬನ ಕೈಯಲ್ಲಿ ಕ್ಯಾಮೆರಾವೊಂದು ಮೊದಲ ಸಲ ಕಡಲಿಗಿಳಿಯಿತು. ಅವನ ಬೆನ್ನಿನ ಸಿಲಿಂಡರಿನ ಗಾಳಿ ಮುಗಿಯುವುದರೊಳಗೆ ಅದಕ್ಕೆ ಗಿಳಿಮೀನಿನ ಒಂದು ಚಿತ್ರವಾದರೂ ಬೇಕಿತ್ತು. ಒಂದು ಕಂಡದ್ದೇ "ಅಟ್ಟಿಸಿಕೊಂಡು ಹೋಗು" ಎಂದು ಒಡೆಯನಿಗೆ ಹೇಳಿತು. ಅವನು ಕಾಲು ಬಡಿದ. ತಳದ ಮರಳೆಲ್ಲ ಎದ್ದು ಏನೂ ಕಾಣದಾಯಿತು.

"ಥೂ, ಎಂಥ ಕೊಳಕು ಕಡಲು ನಿಮ್ಮದು" ಎಂದಿತು ಕ್ಯಾಮೆರಾ.

ಮುಚ್ಚಿಹೋದ ಬಿಲದಿಂದ ಏಡಿ ತಲೆಯೆತ್ತಿತು. "ರಾಡಿ ಎಬ್ಬಿಸಿದ್ದು ನೀವು, ಕೆಟ್ಟ ಹೆಸರು ನಮಗೋ? ಕಾಲಾಡಿಸದೆ ನೀರಲ್ಲಿ ನಿಲ್ಲುವುದನ್ನು ಮೊದಲು ಕಲಿಯಿರಿ ಮಾರಾಯರೇ. ಚಿತ್ರ ಆಮೇಲೆ."

ಕ್ಯಾಮೆರಾ ನಾಚಿ ಒಡೆಯನ ಕೈ ಜಗ್ಗಿತು. ಇಬ್ಬರೂ ಅಲುಗದೆ ನಿಂತರು. ಗಾಳಿ ಇನ್ನೇನು ಮುಗಿಯಬೇಕು, ನೀರು ತಿಳಿಯಾಯಿತು. ಗಿಳಿಮೀನು ತಾನಾಗಿಯೇ ಬಂದು ಲೆನ್ಸಿನ ಗಾಜಿನಲ್ಲಿ ಮುಖ ನೋಡಿಕೊಂಡಿತು. ಚಿತ್ರ ಸಿಕ್ಕಿತು.

"ಸ್ವಲ್ಪ ಇತ್ತ ತಿರುಗು," ಎಂದಿತು ಏಡಿ, ಮೈಮೇಲಿನ ಮರಳು ಕೊಡವಿಕೊಳ್ಳುತ್ತ. "ಮನೆ ಯಜಮಾನನದೂ ಒಂದಿರಲಿ."