ಗೀಸರಿನ ಕುಂಕುಮ

ವಾರಿಜಮ್ಮನವರ ಪುಟ್ಟ ಫ್ಲ್ಯಾಟಿನಲ್ಲಿ ಗೀಸರು ಸಿಕ್ಕಿಬಿದ್ದದ್ದು ಹೇಗೆ, ಊಹಿಸಿ ನೋಡೋಣ! ಆಗಲಿಲ್ಲವೇ? ಸರಿ, ಕೇಳಿ.

ಕರೆಂಟು ಬಿಲ್ಲು ನೋಡಿದ ವಾರಿಜಮ್ಮ, "ನಿಮ್ಮಲ್ಲಿ ಹೊಟ್ಟೆಬಾಕ ಯಾರೋ ನೀವೇ ಹೇಳಿ. ಅವನು ಇವತ್ತೇ ಗುಜರಿಗೆ" ಎಂದರು. ಮನೆಯ ಯಂತ್ರಗಳೆಲ್ಲ ಸಭೆ ಸೇರಿದವು. ಗೀಸರು ಬಚ್ಚಲಿನಿಂದಲೇ ಅಧ್ಯಕ್ಷತೆ ವಹಿಸಿತು.

"ದೇವರ ಗೂಡಿನ ಜೀರೋ ಬಲ್ಬೇ ಕಳ್ಳ! ಹಗಲೂ ರಾತ್ರಿ ಉರಿಯುವುದನ್ನು ನಾವೆಲ್ಲ ಕಂಡಿಲ್ಲವೇ?"

"ಕಂಡಿದ್ದೇವೆ" ಎಂದು ಫ್ರಿಜ್ಜು ಗುರುಗುಟ್ಟಿತು. ಟೇಬಲ್ ಫ್ಯಾನು ಎಂದಿನಂತೆ ಎಲ್ಲರ ಕಡೆಗೂ ತಲೆಯಾಡಿಸಿತು.

"ಸ್ವಾಮೀ, ನಾನು ತಿನ್ನುವುದು ಇರುವೆಯ ಊಟ" ಎಂದು ಬಲ್ಬು ಅಂಗಲಾಚಿತು. ಕೇಳುವವರಾರು? ಮುಸ್ಸಂಜೆಗೆ ವಾರಿಜಮ್ಮ ಅದನ್ನು ಬಿಚ್ಚಿ ಗುಜರಿ ಚೀಲಕ್ಕೆ ಹಾಕಿದರು. ಬೇರೆ ದೀಪ ಇನ್ನೂ ಹಾಕಿರಲಿಲ್ಲ. ಮನೆ ಕತ್ತಲಾದದ್ದೇ ತಡ, ಬಚ್ಚಲಿನಲ್ಲಿ ಒಂದು ಕೆಂಪು ಚುಕ್ಕೆ ಹೊಳೆಯಿತು.

"ಏನೋ ಅದು?"

"ಹಬ್ಬವಲ್ಲವೇ ಅಮ್ಮಾ, ಕುಂಕುಮ ಇಟ್ಟುಕೊಂಡೆ" ಎಂದಿತು ಗೀಸರು.

ವಾರಿಜಮ್ಮ ನಲ್ಲಿ ತಿರುಗಿಸಿದರು. ಹಬೆ ಭುಸ್ಸೆಂದಿತು. "ಕುಂಕುಮ ಸರಿ, ಈ ಹೊಗೆ ಯಾವ ಧೂಪದ್ದು? ಬೆಳಗಿನ ಸ್ನಾನ ಮುಗಿದ ಮೇಲೂ ತಿನ್ನುತ್ತಲೇ ಇದ್ದೀಯಾ?"

ವಾರಿಜಮ್ಮ ಸ್ವಿಚ್ಚು ಆರಿಸಿ, ಬಲ್ಬನ್ನು ಚೀಲದಿಂದ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಗೂಡಿಗೆ ಸೇರಿಸಿದರು. ಹೊತ್ತಿಕೊಂಡೊಡನೆ ಅದು ಮೆಲ್ಲನೆ ಕೇಳಿತು: "ಹಾಗಾದರೆ ಗುಜರಿಗೆ ಹೋಗಬೇಕಾದವರು ಯಾರಮ್ಮಾ? ಬೆಳಿಗ್ಗೆ ಆ ಸ್ವಿಚ್ಚು ಹಾಕಿ ಮರೆತವರೇ?"

"ಹಬ್ಬದ ದಿನ ಅಧಿಕಪ್ರಸಂಗ ಮಾಡಬಾರದು, ಸುಮ್ಮನಿರು!"

ಯಾವ ಹಬ್ಬ ಎಂದಿರಾ? ಭೀಮನ ಅಮಾವಾಸ್ಯೆ, ಗುರುವಾರ.